ಹುಡುಗನ ಕೇಸು ಬಂದರೆ ಮೊದಲು ಕೇಳುವುದು ಟಿಸಿ

ಬೆಂಗಳೂರಿನ ಕೊಳೆಗೇರಿಗಳಲ್ಲಿ ಮಕ್ಕಳ ಕೇಸು ನೋಡಿಕೊಳ್ಳುವುದು ನನ್ನ ಕೆಲಸ. ಬೈಕ್ ಕಳ್ಳತನ, ಮೊಬೈಲ್ ಕಿತ್ತುಕೊಂಡಿದ್ದು, ಹೊಡೆದಾಟ, ಇಂಥವೇ ಜಾಸ್ತಿ. ಹುಡುಗನನ್ನು ಪೊಲೀಸರು ಕರೆದುಕೊಂಡು ಹೋದರು ಅಂತ ಫೋನ್ ಬಂದರೆ, ಅವನೇನು ಮಾಡಿದ ಅಂತ ನಾನು ಕೇಳುವುದಿಲ್ಲ. ಟಿಸಿ, ಅಂದರೆ ಶಾಲೆಯ ವರ್ಗಾವಣೆ ಪತ್ರ, ಇದೆಯಾ ಅಂತ ಕೇಳುತ್ತೇನೆ. ಹುಟ್ಟಿದ ತಾರೀಖು ಅದರಲ್ಲಿರುತ್ತದೆ. ಘಟನೆ ನಡೆದ ದಿನ 18 ತುಂಬಿರಲಿಲ್ಲ ಅಂತಾದರೆ ಲಾಕಪ್ಪಿಗೆ ಹಾಕುವ ಹಾಗಿಲ್ಲ, ಬೇಡಿ ತೊಡಿಸುವ ಹಾಗಿಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿ ಮುಂದೆ ನಿಲ್ಲಿಸಬೇಕು. 18 ತುಂಬಿದ್ದರೆ ಪರಪ್ಪನ ಅಗ್ರಹಾರ ಜೈಲು.

ಈ ಟಿಸಿಯದೇ ಒಂದು ಕಥೆ. ನಮ್ಮ ಬಡ ಮಕ್ಕಳಲ್ಲಿ ಎಷ್ಟೋ ಜನ ಹುಟ್ಟಿದ್ದು ಜೂನ್ 1ಕ್ಕೆ! ಸೇರಿಸಿಕೊಳ್ಳುವಾಗ ಮೇಷ್ಟ್ರು ಬರೆದ ತಾರೀಖು, ಕೆಲವರಿಗೆ ಒಂದು ವರ್ಷ ಜಾಸ್ತಿಯೇ ಬಿದ್ದಿರುತ್ತದೆ. ಆದರೆ ಕಾನೂನು ಮೊದಲು ನೋಡುವುದು ಶಾಲೆಯ ದಾಖಲೆಯನ್ನೇ. ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪತ್ರ, ಅದೂ ಇಲ್ಲದಿದ್ದರೆ ಮೂಳೆ ಪರೀಕ್ಷೆ. ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಶಾಲೆ ಊರಲ್ಲೇ ಇರುತ್ತದೆ. ಅಲ್ಲಿಗೆ ಫೋನ್ ಮಾಡಿ, ದಾಖಲಾತಿ ಪುಸ್ತಕದ ಪುಟದ ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಳ್ಳುತ್ತೇನೆ, ಸೀಲು ಹಾಕಿದ ಪ್ರತಿ ಆಮೇಲೆ ಬರುತ್ತದೆ.

ಜಾಮೀನು ಅಂದರೆ ಪಹಣಿ ಬೇಕು ಅಂತ ಎಲ್ಲರೂ ಹೆದರುತ್ತಾರೆ. ಬೇಕಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 12ನೇ ಕಲಂ ಪ್ರಕಾರ ಶ್ಯೂರಿಟಿ ಇಲ್ಲದೆಯೂ ಬಿಡಬಹುದು, ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ಉಸ್ತುವಾರಿಗೂ ಒಪ್ಪಿಸಬಹುದು. ಆದರೆ ಬಿಟ್ಟರೆ ಮತ್ತೆ ಕಳ್ಳರ ಸಹವಾಸಕ್ಕೇ ಬೀಳುತ್ತಾನೆ ಅನ್ನಿಸಿದರೆ ಮಂಡಳಿ ಬಿಡುವುದಿಲ್ಲ. ಅದಕ್ಕೇ ನಾನು ಮನೆಗೆ ಹೋಗುವುದು, ಅದೂ ರಾತ್ರಿ, ಗಾರ್ಮೆಂಟ್ಸ್ ಶಿಫ್ಟ್ ಮುಗಿದ ಮೇಲೆ. ಹಗಲು ಹೋದರೆ ಬೀಗ ಅಷ್ಟೇ.

ಒಬ್ಬ ತಾಯಿ "ಬಿಡಿಸಬೇಡಿ ಸಾರ್, ಸ್ವಲ್ಪ ದಿನ ಅಲ್ಲೇ ಇರಲಿ" ಅಂದಳು. ಎಂಥ ತಾಯಿ ಅನ್ನಿಸುತ್ತೆ ಅಲ್ವಾ? ಒಲೆ ಹಚ್ಚುತ್ತಾ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು: ಬೈಕ್ ಕದಿಯೋಕೆ ಕಳಿಸಿದ "ಅಣ್ಣ" ಎದುರು ಗಲ್ಲಿಯಲ್ಲೇ ಇದ್ದಾನೆ, ಹುಡುಗ ಬಾಯಿ ಬಿಟ್ಟಿದ್ದಾನಾ ಅಂತ ದಿನಾ ಕೇಳುತ್ತಾನೆ. ಕೇಸು ನಡೆಯುವಾಗ ಮಕ್ಕಳನ್ನು ಇಡುವ ವೀಕ್ಷಣಾಲಯವೇ ಅವಳಿಗೆ ವಾಸಿ ಅನ್ನಿಸಿತ್ತು. ಮಾಲೂರಿನಲ್ಲಿ ಸೋದರಮಾವ ಇದ್ದ, ಪಂಕ್ಚರ್ ಅಂಗಡಿಯವನು. ಅವನನ್ನೇ ಮಂಡಳಿಗೆ ಕರೆತಂದೆವು, ಅವನ ಜೊತೆ ಕಳಿಸಿದರು.

ಕೇಸು ಮುಗಿದ ಮೇಲೂ ಕಾಟ ಇದ್ದದ್ದೇ. ಏರಿಯಾದಲ್ಲಿ ಯಾವ ಬೈಕ್ ಕಳುವಾದರೂ ಹಳೇ ಹುಡುಗರನ್ನೇ ಕರೆಸುತ್ತಾರೆ. ಹಾಗಾಗಿ ಮಂಡಳಿಯ ಆದೇಶದ ಜೆರಾಕ್ಸ್ ನಾಲ್ಕೈದು ಮಾಡಿಸಿಡಿ, ಅಸಲು ಮಾತ್ರ ಯಾರ ಕೈಗೂ ಕೊಡಬೇಡಿ ಅಂತ ಮನೆಯವರಿಗೆ ಹೇಳಿಯೇ ಬರುತ್ತೇನೆ.