ಕಲಬುರಗಿಯಲ್ಲಿ ಕಾಂಪ್ಲೆಕ್ಸ್ ಮಳಿಗೆ, ಆಫೀಸು ಖರೀದಿ: ನಾನು ನೋಡುವ ಕ್ರಮ

ಮಳಿಗೆ ಕೊಳ್ಳಲು ಬಂದವರು ಸಾಮಾನ್ಯವಾಗಿ ಚದರಡಿ ದರದಿಂದ ಮಾತು ಶುರು ಮಾಡುತ್ತಾರೆ. ನಾನು ಮಂಜೂರಾದ ನಕ್ಷೆ ಕೇಳುತ್ತೇನೆ. ಮಹಾನಗರ ಪಾಲಿಕೆ ಸೀಲು ಹಾಕಿದ ನಕ್ಷೆಯ ಪ್ರತಿ ಕೈಗೆ ಬರುವವರೆಗೆ ದರದ ಮಾತಿಗೆ ಅರ್ಥವಿಲ್ಲ, ಏಕೆಂದರೆ ಮಾರುತ್ತಿರುವ ಮಳಿಗೆ ಆ ನಕ್ಷೆಯಲ್ಲಿ ಮಳಿಗೆಯಾಗಿಯೇ ಇದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಸೇಡಂ ರಸ್ತೆಯಿರಲಿ, ಜೇವರ್ಗಿ ರಸ್ತೆಯಿರಲಿ, ಸೂಪರ್ ಮಾರ್ಕೆಟ್ ಸುತ್ತಿನ ಗಲ್ಲಿಯಿರಲಿ, ತೊಂದರೆಯ ಬೇರು ಹೆಚ್ಚಾಗಿ ಇಲ್ಲೇ ಸಿಗುತ್ತದೆ: ನಕ್ಷೆಯಲ್ಲಿ ಒಂದು, ನೆಲದ ಮೇಲೆ ಇನ್ನೊಂದು.

ನಕ್ಷೆ, ಅಳತೆ ಟೇಪು, ಪೆನ್ಸಿಲ್ ಹಿಡಿದು ಸ್ಥಳಕ್ಕೆ ಹೋಗುತ್ತೇನೆ. ಮೊದಲು ಕಟ್ಟಡದ ಹೊರಗಿನ ನಾಲ್ಕೂ ಬದಿ, ರಸ್ತೆಯಿಂದ ಬಿಟ್ಟ ಜಾಗ. ಆಮೇಲೆ ಮಳಿಗೆಯ ಒಳಗಳತೆ, ಗಿಲಾವು ಆದ ಗೋಡೆಯಿಂದ ಗೋಡೆಗೆ, ಮುಂದೆ ಒಮ್ಮೆ ಹಿಂದೆ ಒಮ್ಮೆ. ಹಳೆ ಓಣಿಗಳ ಸೈಟು ಚೌಕವಾಗಿರುವುದು ಅಪರೂಪ. ಮುಂದೆ 10 ಅಡಿ ಇದ್ದದ್ದು ಹಿಂದೆ 9ಕ್ಕೆ ಇಳಿದಿರುತ್ತದೆ. ಕಂಬ ಒಳಗೆ ಚಾಚಿದ್ದರೆ ಅದರ ಅಳತೆ ಬೇರೆ ಬರೆದುಕೊಳ್ಳುತ್ತೇನೆ. ಶಟರ್ ಪಕ್ಕದ ಕಂಬ ಚದರಡಿಯ ಲೆಕ್ಕದಲ್ಲಿ ಸಣ್ಣದು. ಕೌಂಟರ್ ಹಾಕುವ ಜಾಗಕ್ಕೇ ಬಂದರೆ ಬಾಡಿಗೆಯನ್ನೇ ಇಳಿಸುತ್ತದೆ. ತೊಲೆಯ ಅಡಿಯಿಂದ ನೆಲದವರೆಗಿನ ಎತ್ತರವನ್ನೂ ಅಳೆಯಬೇಕು. ಅಟ್ಟ ಹಾಕಿಕೊಳ್ಳುವ ಬಟ್ಟೆ ಅಂಗಡಿಯವರು, ಔಷಧಿ ಅಂಗಡಿಯವರು ಮೊದಲು ನೋಡುವುದು ಅದನ್ನೇ.

ಬಿಲ್ಡರ್ ಹೇಳುವ 300 ಚದರಡಿ ಸೂಪರ್ ಬಿಲ್ಟಪ್ ಲೆಕ್ಕದ್ದು. ಮೆಟ್ಟಿಲು, ಪಡಸಾಲೆ, ಶೌಚಾಲಯ, ಗೋಡೆಯ ದಪ್ಪ ಎಲ್ಲ ಅದರಲ್ಲಿ ಸೇರಿರುತ್ತವೆ. ಒಳಗೆ ಟೇಪು ಹಿಡಿದರೆ 200 ಸಿಕ್ಕೀತು. ಹಾಗಾಗಿ ಒಟ್ಟು ಬೆಲೆಯನ್ನು ಈ ಒಳಗಿನ, ಅಂದರೆ ಕಾರ್ಪೆಟ್ ಅಳತೆಯಿಂದ ಭಾಗಿಸಿ, ಆ ದರದಲ್ಲೇ ಎರಡು ಕಾಂಪ್ಲೆಕ್ಸುಗಳನ್ನು ಹೋಲಿಸುತ್ತೇನೆ.

ನಕ್ಷೆಯಲ್ಲಿ ಬೇಸ್‌ಮೆಂಟ್ ಮೇಲೆ ‘ಪಾರ್ಕಿಂಗ್’ ಎಂದು ಬರೆದಿದ್ದು, ಸ್ಥಳದಲ್ಲಿ ಅಲ್ಲಿ ಶಟರ್ ಸಾಲು ಕಂಡರೆ ಮುಂದಿನ ಮಾತಿಲ್ಲ. ಅದೇ ರೀತಿ ಮೆಟ್ಟಿಲ ಕೆಳಗಿನ ಜಾಗ, ಹಿಂಬದಿಯಲ್ಲಿ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್, ಶೌಚಾಲಯ ಮುಚ್ಚಿ ಮಾಡಿದ ಮಳಿಗೆ. ಬೆಲೆ ಕಡಿಮೆ ಹೇಳುತ್ತಾರೆ, ಬಾಡಿಗೆಯೂ ಸದ್ಯಕ್ಕೆ ಬರುತ್ತಿರುತ್ತದೆ. ಪಾಲಿಕೆ ತೆರವು ನೋಟಿಸ್ ಕೊಟ್ಟ ದಿನ ಹಣ ಹೋಗುವುದು ಕೊಂಡವರದು. ಇನ್ನೊಂದು ತೊಂದರೆ ತಡವಾಗಿ ಗೊತ್ತಾಗುತ್ತದೆ: ಪಾರ್ಕಿಂಗ್ ಮಾರಾಟವಾದ ಕಾಂಪ್ಲೆಕ್ಸಿನ ಗಿರಾಕಿಗಳು ರಸ್ತೆ ಮೇಲೆ ಗಾಡಿ ನಿಲ್ಲಿಸುತ್ತಾರೆ, ಸಂಚಾರ ಪೊಲೀಸರು ಎತ್ತಿಕೊಂಡು ಹೋಗುತ್ತಾರೆ, ಮೇಲಿನ ಮಹಡಿಯ ಕ್ಲಿನಿಕ್ಕು, ಲ್ಯಾಬು ಬೇರೆ ಕಡೆ ಹೋಗುತ್ತವೆ.

ಜಮೀನಿನ ಕಾಗದ ಈ ಭಾಗದಲ್ಲಿ ಹಳೆ ಹೈದರಾಬಾದ್ ಸಂಸ್ಥಾನದ ಕಾಲಕ್ಕೆ ಹೋಗಿ ಮುಟ್ಟುತ್ತದೆ. ಕೃಷಿ ಸರ್ವೆ ನಂಬರಿನಿಂದ ಬಂದ ಸೈಟಾದರೆ 1954-55ರ ಖಾಸ್ರಾ ಪಹಣಿಯಿಂದ ಹಿಡಿದು ಇಂದಿನವರೆಗೆ ಕೈ ಬದಲಾದ ಸರಪಳಿ ಜೋಡಿಸಿಕೊಳ್ಳುತ್ತೇನೆ. ಉರ್ದು ದಾಖಲೆ ಓದಲು ಬಲ್ಲ ವಕೀಲರನ್ನೇ ಹಿಡಿಯಬೇಕು. ಕಲಬುರಗಿಯಲ್ಲಿ ಅಂಥವರು ಸಿಗುತ್ತಾರೆ. ಇನಾಂ ಜಮೀನೇ, ವಕ್ಫ್ ಪಟ್ಟಿಯಲ್ಲಿ ಇದೆಯೇ, ಎನ್.ಎ. (ಕೃಷಿಯೇತರ ಬಳಕೆಯ) ಆದೇಶ ವಸತಿಗೋ ವಾಣಿಜ್ಯಕ್ಕೋ ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು. ವಸತಿಗೆ ಎನ್.ಎ. ಆದ ಸೈಟಿನಲ್ಲಿ ಮೂರು ಮಹಡಿ ಅಂಗಡಿ ಎದ್ದಿದ್ದರೆ ಪರವಾನಗಿಯಲ್ಲೂ ವಸತಿ ಎಂದೇ ಇರುವ ಸಂಭವ ಹೆಚ್ಚು. ಋಣಭಾರ ಪ್ರಮಾಣಪತ್ರ 2004ರಿಂದ ಈಚೆಗೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿ ಪಡೆಯುತ್ತೇನೆ. ಬ್ಯಾಂಕಿನಲ್ಲಿ ಕಾಗದಪತ್ರ ಇಟ್ಟು ತೆಗೆದ ಸಾಲ ಕೆಲವೊಮ್ಮೆ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಅದಕ್ಕೆ ಅಡಮಾನ ಸಾಲಗಳ ಕೇಂದ್ರ ದಾಖಲಾತಿಯಾದ ಸೆರ್ಸಾಯ್‌ನಲ್ಲಿ ಹುಡುಕಿಸಿ, ಮೂಲ ಪತ್ರಗಳನ್ನು ಕಣ್ಣಾರೆ ನೋಡುತ್ತೇನೆ.

ಇಲ್ಲಿ ಬಹುತೇಕ ಕಾಂಪ್ಲೆಕ್ಸು ಏಳುವುದು ಜಮೀನು ಒಬ್ಬರದು, ಕಟ್ಟುವವರು ಇನ್ನೊಬ್ಬರು ಎಂಬ ಜಂಟಿ ಒಪ್ಪಂದದ ಮೇಲೆ. ಯಾವ ಮಳಿಗೆ ಯಾರ ಪಾಲಿಗೆ ಎಂಬ ಹಂಚಿಕೆ ಪತ್ರ ಕೇಳಿ ಪಡೆಯಬೇಕು. ಜಮೀನು ಮಾಲೀಕರ ಪಾಲಿನ ಮಳಿಗೆಯನ್ನು ಬಿಲ್ಡರ್ ತೋರಿಸಿ ಸಂಚಕಾರ ತೆಗೆದುಕೊಂಡ ಉದಾಹರಣೆಗಳಿವೆ. ಖರೀದಿ ಪತ್ರಕ್ಕೆ ಇಬ್ಬರ ಸಹಿಯೂ ಬೇಕು. ಜಮೀನು ಮಾಲೀಕರು ಅಣ್ಣತಮ್ಮಂದಿರಾದರೆ ಎಲ್ಲರ ಸಹಿ, ಅಕ್ಕತಂಗಿಯರದ್ದೂ ಸೇರಿ. ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಮೇಲಷ್ಟೇ ಕೊಟ್ಟರೆ ಮಾಲೀಕತ್ವ ಬರುವುದಿಲ್ಲ. ಸುಪ್ರೀಂ ಕೋರ್ಟ್ 2011ರಲ್ಲೇ ಇದನ್ನು ಸ್ಪಷ್ಟಪಡಿಸಿದೆ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಕಾಪಾಡುತ್ತದೆ ಎಂಬ ನಂಬಿಕೆ ಊರಿನ ಸಣ್ಣ ಕಟ್ಟಡಕ್ಕೆ ಹೆಚ್ಚಾಗಿ ಹೊಂದುವುದಿಲ್ಲ. 2016ರ ಕಾಯ್ದೆಯ ಪ್ರಕಾರ ಜಮೀನು 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಘಟಕಗಳು ಎಂಟು ಮೀರದಿದ್ದರೆ ನೋಂದಣಿ ಬೇಕಿಲ್ಲ. 40×60 ಅಡಿಯ ಸೈಟು 223 ಚದರ ಮೀಟರ್ ಅಷ್ಟೇ. ಹಾಗಾಗಿ ಕಾಯ್ದೆ ಕೊಡುವ ರಕ್ಷಣೆಯನ್ನು ನಾನು ಸಂಚಕಾರ ಪತ್ರದಲ್ಲೇ ಬರೆಸುತ್ತೇನೆ: ಕರಾರಿಗೆ ಮುಂಚೆ 10 ಶೇಕಡಾಕ್ಕಿಂತ ಹೆಚ್ಚು ಹಣವಿಲ್ಲ, ಅಳತೆ ಕಾರ್ಪೆಟ್‌ನಲ್ಲಿ, ಸ್ವಾಧೀನ ಕೊಡುವ ದಿನಾಂಕ, ತಪ್ಪಿದರೆ ಬಡ್ಡಿ, ಕಟ್ಟಡದ ರಚನಾ ದೋಷಕ್ಕೆ ಐದು ವರ್ಷ ಹೊಣೆ. ಬಿಲ್ಡರ್ ಇದಕ್ಕೆ ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಎಂದು ಕೇಳಿ, ಉತ್ತರವನ್ನು ಗಮನಿಸುತ್ತೇನೆ.

ಅದೇ ಪತ್ರದಲ್ಲಿ ಜಮೀನಿನ ಅವಿಭಜಿತ ಪಾಲು ಚದರಡಿಯಲ್ಲಿ ಬರಬೇಕು. ಲೆಕ್ಕ ಸರಳ. 2,400 ಚದರಡಿ ಸೈಟಿನ ಮೇಲೆ ಮಾರಾಟದ ಒಟ್ಟು ಕಾರ್ಪೆಟ್ 4,800 ಇದ್ದರೆ, 200 ಚದರಡಿ ಮಳಿಗೆಯ ಪಾಲು 100 ಚದರಡಿ ಜಮೀನು. ‘ಕಾನೂನಿನಂತೆ ಬರುವ ಪಾಲು’ ಎಂದು ಬರೆದು ಕೈತೊಳೆದುಕೊಳ್ಳಲು ಬಿಡಬಾರದು. ಮುಂದೆ ಇನ್ನೊಂದು ಮಹಡಿ ಕಟ್ಟುವ ಹಕ್ಕು ಬಿಲ್ಡರಿಗೆ ಎಂಬ ಸಾಲು ಒಳಗೆ ಸೇರಿಕೊಂಡಿದ್ದರೆ ಆ 100 ಚದರಡಿ ಕುಗ್ಗುತ್ತದೆ. ಮಾಳಿಗೆ, ಮೊಬೈಲ್ ಟವರ್ ಬಾಡಿಗೆ, ಮುಂಭಾಗದ ಜಾಹೀರಾತು ಫಲಕದ ಜಾಗ ಯಾರಿಗೆ ಸೇರಿದ್ದು ಎಂಬುದನ್ನೂ ಅಲ್ಲೇ ತೀರ್ಮಾನಿಸಬೇಕು. ಒಂದನೇ ಮಹಡಿಯ ಆಫೀಸಿಗೆ ರಸ್ತೆಗೆ ಕಾಣುವ ಬೋರ್ಡಿನ ಜಾಗ ಇಲ್ಲದಿದ್ದರೆ ವಕೀಲರು, ಲೆಕ್ಕ ಪರಿಶೋಧಕರು ಬಂದಾರು. ವೈದ್ಯರು, ಕೋಚಿಂಗ್ ಕ್ಲಾಸಿನವರು ಬರುವುದಿಲ್ಲ.

‘ಓಸಿ ಬರ್ತದ ಬಿಡ್ರಿ ಸರ, ಮೊದಲ ರಿಜಿಸ್ಟ್ರಿ ಮಾಡ್ಕೋರಿ’ ಎಂಬ ಮಾತು ಪ್ರತಿ ಕಡೆ ಕೇಳಿಸುತ್ತದೆ. ಓಸಿ, ಅಂದರೆ ಸ್ವಾಧೀನಾನುಭವ ಪ್ರಮಾಣಪತ್ರ, ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟ ಮೇಲೆ ಈ ಮಾತಿಗೆ ಬೆಲೆಯಿಲ್ಲ. ಕಟ್ಟಡಕ್ಕೆ ತಾತ್ಕಾಲಿಕ ಮೀಟರ್‌ನಿಂದ ಕರೆಂಟು ಎಳೆದು ಮಳಿಗೆಗಳಿಗೆ ಹಂಚಿರುವುದುಂಟು. ಅದು ಕಾಯಂ ಸಂಪರ್ಕ ಅಲ್ಲ. ವಿದ್ಯುತ್ ಕಂಪನಿ ಜೆಸ್ಕಾಂನ ಪ್ರತ್ಯೇಕ ಮೀಟರ್, ವಾಣಿಜ್ಯ ಬಳಕೆಯ ಎಲ್.ಟಿ.-3 ದರ, ಆರ್.ಆರ್. ನಂಬರು (ಸಂಪರ್ಕದ ಗುರುತಿನ ಸಂಖ್ಯೆ), ಮಂಜೂರಾದ ಲೋಡು ಬಿಲ್ಲಿನಲ್ಲೇ ಕಾಣುತ್ತವೆ. ಒಂದೂವರೆ ಟನ್ನಿನ ಎಸಿ ಒಂದಕ್ಕೆ ಸುಮಾರು ಒಂದೂವರೆ ಕಿಲೋವ್ಯಾಟ್ ಬೇಕು. 3 ಕಿಲೋವ್ಯಾಟ್ ಮಂಜೂರಾದ ಕಡೆ ಎರಡು ಎಸಿ ಹಾಕುವ ಕ್ಲಿನಿಕ್ ನಡೆಯುವುದಿಲ್ಲ. ಲೋಡು ಹೆಚ್ಚಿಸಲು ಕಟ್ಟಡದ ಟ್ರಾನ್ಸ್‌ಫಾರ್ಮರ್‌ನಲ್ಲಿ ಜಾಗ ಇದೆಯೇ ಎಂದು ಸೆಕ್ಷನ್ ಕಚೇರಿಯಲ್ಲಿ ಕೇಳಿಕೊಳ್ಳುತ್ತೇನೆ. ಮಳಿಗೆ ಖಾಲಿ ಇದ್ದರೂ ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕ ತಿಂಗಳು ತಿಂಗಳು ಬರುತ್ತದೆ.

ಈಗ ಕಟ್ಟಡ. ನಮ್ಮದು ಎರೆ ನೆಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣಿನ ಮೇಲೆ ಪಾಯ ಆಳಕ್ಕೆ ಹೋಗದೆ ನಿಂತರೆ ಕಟ್ಟಡ ಪ್ರತಿ ವರ್ಷ ಸ್ವಲ್ಪ ಆಡುತ್ತದೆ. ಎರೆಯನ್ನು ದಾಟಿ ಗಟ್ಟಿ ಮುರಂ ಅಥವಾ ಕಲ್ಲಿಗೆ ಪಾಯ ಕೂತಿದೆಯೇ ಎಂದು ಇಂಜಿನಿಯರನ್ನು ಕೇಳಿ, ರಚನಾ ನಕ್ಷೆಯಲ್ಲಿ ಆಳ ನೋಡುತ್ತೇನೆ. ಕಟ್ಟಿ ಒಂದು ಮಳೆಗಾಲ ದಾಟಿದ ಕಟ್ಟಡ ಕಣ್ಣಿಗೇ ಉತ್ತರ ಹೇಳುತ್ತದೆ. ಕಂಬಕ್ಕೂ ಇಟ್ಟಿಗೆ ಗೋಡೆಗೂ ನಡುವೆ ನೇರವಾಗಿ ಇಳಿದ ಕೂದಲೆಳೆಯ ಬಿರುಕು ಗಿಲಾವಿನದು, ಹೆದರಬೇಕಿಲ್ಲ. ಶಟರ್ ಮೇಲಿನ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋದ, ಒಂದು ತುದಿ ಅಗಲ ಇನ್ನೊಂದು ತುದಿ ಕಿರಿದಾದ ಬಿರುಕು ಕಂಡರೆ ಪಾಯ ಒಂದು ಕಡೆ ಕೂತಿದೆ ಅಥವಾ ಎದ್ದಿದೆ ಎಂದರ್ಥ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆದಿಟ್ಟು, ಮಳೆಯ ನಂತರ ಮತ್ತೆ ನೋಡಿದರೆ ಬೆಳೆದಿದೆಯೋ ಇಲ್ಲವೋ ತಿಳಿಯುತ್ತದೆ.

ಶಟರ್ ಇದಕ್ಕಿಂತ ಬೇಗ ಹೇಳುತ್ತದೆ. ಅರ್ಧಕ್ಕೆ ಎಳೆದು ಬಿಟ್ಟು ನೋಡಬೇಕು. ಎರಡೂ ಬದಿಯ ಚಾನೆಲ್ಲಿಗೆ ತೂಗುಗುಂಡು ಇಳಿಬಿಟ್ಟಾಗ ದಾರ ಮೇಲೂ ಕೆಳಗೂ ಒಂದೇ ಅಂತರದಲ್ಲಿರಬೇಕು. ಕೆಳಪಟ್ಟಿಯ ಒಂದು ಮೂಲೆ ಫರಸಿಗೆ ತಾಗಿ ಇನ್ನೊಂದು ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು ಇದ್ದರೆ, ಚಾನೆಲ್ಲಿನ ಒಳಗೋಡೆಯಲ್ಲಿ ಒಂದೇ ಕಡೆ ತಿಕ್ಕಿದ ಹೊಳಪು ಕಂಡರೆ, ಹೊಸ ಬಣ್ಣ ಬಿರುಕನ್ನು ಮುಚ್ಚಿದ್ದರೂ ಗೋಡೆ ಜರುಗಿರುವ ಅನುಮಾನ ಬಲವಾಗುತ್ತದೆ. ಬಣ್ಣ ಹೊಡೆಸುವವರು ಶಟರ್ ಚಾನೆಲ್ ಸರಿಪಡಿಸುವುದು ಕಡಿಮೆ. ಬೇಸ್‌ಮೆಂಟ್ ಇರುವ ಕಟ್ಟಡವನ್ನು ಜೋರು ಮಳೆಯ ಮರುದಿನ ನೋಡಬೇಕು. ಎರೆ ನೀರನ್ನು ಬೇಗ ಬಿಡುವುದಿಲ್ಲ, ಗೋಡೆಯ ಬುಡದ ಬಿಳಿ ಉಪ್ಪಿನ ಪಟ್ಟೆ ಎಷ್ಟು ಎತ್ತರಕ್ಕೆ ಏರಿದೆ ಎಂಬುದು ಕಾಣುತ್ತದೆ.

ಬಿಸಿಲಿನ ಲೆಕ್ಕವನ್ನು ಬೆಲೆಯಲ್ಲಿ ಸೇರಿಸದವರು ಬಹಳ. ಏಪ್ರಿಲ್, ಮೇಯಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಪಡುವಣಕ್ಕೆ ಮುಖ ಮಾಡಿದ ಮಳಿಗೆಗೆ ಮಧ್ಯಾಹ್ನ ಎರಡರಿಂದ ಆರರವರೆಗೆ ಗಾಜಿನ ಮೇಲೆ ನೇರ ಬಿಸಿಲು. ಕೊನೆಯ ಮಹಡಿಯ ಆಫೀಸಿಗೆ ಮಾಳಿಗೆಯ ಕಾವು. ಅವು ಬೇಡವೆಂದಲ್ಲ, ದರ ಇಳಿಯಬೇಕು. ಎಸಿಯ ಹೊರಘಟಕ ಎಲ್ಲಿ ಕೂರುತ್ತದೆ, ಅದರ ನೀರು ಎಲ್ಲಿ ಇಳಿಯುತ್ತದೆ ಎಂದು ತೋರಿಸಲು ಹೇಳಿ. ಆ ಜಾಗ ಕಟ್ಟುವಾಗಲೇ ಬಿಡದಿದ್ದರೆ ಪಡಸಾಲೆಯಲ್ಲೇ ಬಿಸಿ ಗಾಳಿ ತಿರುಗುತ್ತದೆ, ಜಗಳ ಅಲ್ಲಿಂದ ಶುರು.

ಖರ್ಚಿನ ಲೆಕ್ಕವನ್ನು 30 ಲಕ್ಷದ ಮಳಿಗೆ ಎಂದು ಹಿಡಿದು ಹೇಳುತ್ತೇನೆ. ಮುದ್ರಾಂಕ ಶುಲ್ಕ 5 ಶೇಕಡಾ, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ 5.6, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 2 ಶೇಕಡಾ. ಒಟ್ಟು 7.6 ಅಂದರೆ 2.28 ಲಕ್ಷ. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ ಇದಕ್ಕಿಂತ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ. ವಾಣಿಜ್ಯ ಕಟ್ಟಡ ಇನ್ನೂ ಕಟ್ಟುತ್ತಿರುವ ಹಂತದಲ್ಲಿ ಕೊಂಡರೆ ಜಿ.ಎಸ್.ಟಿ. 12 ಶೇಕಡಾ, ಅಂದರೆ 3.6 ಲಕ್ಷ, ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ಮೇಲೆ ಕೊಂಡರೆ ಇಲ್ಲ. ಬೆಲೆ 50 ಲಕ್ಷ ಅಥವಾ ಮೇಲಾದರೆ ಮಾರುವವರ ಆದಾಯ ತೆರಿಗೆಯ ಬಾಬ್ತು 1 ಶೇಕಡಾ ಟಿ.ಡಿ.ಎಸ್. ಹಿಡಿದು ಕಟ್ಟುವುದು ಕೊಳ್ಳುವವರ ಹೊಣೆ. ಬ್ಯಾಂಕ್ ಸಾಲ ಮನೆ ಸಾಲದಂತಲ್ಲ: ಸಾಮಾನ್ಯವಾಗಿ ಬೆಲೆಯ 60ರಿಂದ 70 ಶೇಕಡಾ, ಬಡ್ಡಿ ಹೆಚ್ಚು, ಅವಧಿ ಕಡಿಮೆ.

ಕಟ್ಟಡ ಪೂರ್ಣವಾಗಿದ್ದು, ವಕೀಲರು, ವೈರಿಂಗು, ಬೋರ್ಡು ಎಲ್ಲ ಸೇರಿ ಕೈಯಿಂದ ಹೋದ ಹಣ 33 ಲಕ್ಷ ಎಂದುಕೊಳ್ಳೋಣ. ಬಾಡಿಗೆ ತಿಂಗಳಿಗೆ 15,000 ಆದರೆ ವರ್ಷಕ್ಕೆ 1.8 ಲಕ್ಷ. ಬಿಲ್ಡರ್ ಇದನ್ನು 30 ಲಕ್ಷಕ್ಕೆ 6 ಶೇಕಡಾ ಎನ್ನುತ್ತಾರೆ. ವರ್ಷಕ್ಕೊಂದು ತಿಂಗಳು ಖಾಲಿ ಹಿಡಿದು 15,000, ನಿರ್ವಹಣೆ 18,000, ಪಾಲಿಕೆ ತೆರಿಗೆ 9,000 ಕಳೆದರೆ ಉಳಿಯುವುದು 1.38 ಲಕ್ಷ. 33 ಲಕ್ಷಕ್ಕೆ ಅದು 4.2 ಶೇಕಡಾ. ಆದಾಯ ತೆರಿಗೆ ಇನ್ನೂ ಬಂದಿಲ್ಲ. ಈ ಸಂಖ್ಯೆ ಇಟ್ಟುಕೊಂಡೇ ದರ ಚೌಕಾಸಿಗೆ ಕೂರುತ್ತೇನೆ.

ಬಾಡಿಗೆದಾರರು ಇರುವ ಮಳಿಗೆ ಕೊಳ್ಳುವಾಗ ಅವರ ಕೈಯಿಂದಲೇ ಪತ್ರ ಬರೆಸಿಕೊಳ್ಳಬೇಕು: ಎಷ್ಟು ಬಾಡಿಗೆ, ಎಷ್ಟು ಡಿಪಾಜಿಟ್, ಕರಾರು ಯಾವತ್ತಿಗೆ ಮುಗಿಯುತ್ತದೆ, ಪಗಡಿ (ಮಳಿಗೆ ಹಿಡಿಯಲು ಬಾಡಿಗೆಯಲ್ಲದೆ ಕೊಟ್ಟ ಇಡಿಗಂಟು) ಕೊಟ್ಟಿದ್ದಾರೆಯೇ, ಮುಂದೆ ಬಾಡಿಗೆ ಹೊಸ ಮಾಲೀಕರಿಗೆ ಕೊಡುತ್ತಾರೆಯೇ. ಡಿಪಾಜಿಟ್ ಮೊತ್ತವನ್ನು ಬೆಲೆಯಲ್ಲಿ ಕಡಿತ ಮಾಡಿಕೊಳ್ಳಿ, ಏಕೆಂದರೆ ಹಿಂದಿರುಗಿಸುವುದು ನೀವು. 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ ಒಳಗಿನ ಹಳೆ ಮಳಿಗೆಯಲ್ಲಿ ತೀರಾ ಕಡಿಮೆ ಬಾಡಿಗೆಗೆ ಕೂತವರಿದ್ದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುತ್ತದೆಯೇ ಎಂದು ವಕೀಲರಿಂದ ತಿಳಿದುಕೊಂಡೇ ಮುಂದುವರಿಯಬೇಕು. ಪಾಲಿಕೆ, ಎಪಿಎಂಸಿ, ವಕ್ಫ್ ಮಳಿಗೆಗಳನ್ನು ‘ಮಾರುವ’ವರು ಮಾರುವುದು ಗುತ್ತಿಗೆಯನ್ನು ಮಾತ್ರ.

ನೋಂದಣಿಗೆ ಮಳಿಗೆಗೇ ಪ್ರತ್ಯೇಕ ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇರಬೇಕು. ಇಡೀ ಕಟ್ಟಡಕ್ಕೆ ಒಂದೇ ಖಾತಾ ಇದ್ದರೆ ಮೊದಲು ವಿಭಜನೆ ಮಾಡಿಸಿಕೊಡಲು ಹೇಳುತ್ತೇನೆ, ಸಂಚಕಾರದ ಗಡುವು ಅದರ ನಂತರದಿಂದ. ಖರೀದಿ ಪತ್ರದ ಕರಡಿನಲ್ಲಿ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಎರಡು ಬಾರಿ ಬರಬೇಕು, ಇಡೀ ಸೈಟಿನದು ಒಮ್ಮೆ, ಮಳಿಗೆಯದು ಒಮ್ಮೆ. ಮಳಿಗೆ ನಂಬರು ನಕ್ಷೆಯಲ್ಲಿ ಜಿ-4, ಇ-ಖಾತಾದಲ್ಲಿ 4, ಬಾಗಿಲ ಮೇಲೆ 5 ಎಂದಿದ್ದರೆ ಸಹಿಗೆ ಮುಂಚೆಯೇ ಸರಿಪಡಿಸಬೇಕು. ನಂತರ ತಿದ್ದುಪಡಿ ಪತ್ರಕ್ಕೆ ಮಾರಿದವರೆಲ್ಲ ಮತ್ತೆ ಬಂದು ಕೂರಬೇಕಾಗುತ್ತದೆ. ನೋಂದಣಿಯಾದ ವಾರದಲ್ಲೇ ಜೆಸ್ಕಾಂನಲ್ಲಿ ಹೆಸರು ಬದಲಾವಣೆ, ಪಾಲಿಕೆಯಲ್ಲಿ ಖಾತಾ ಬದಲಾವಣೆಗೆ ಅರ್ಜಿ. ಮೀಟರಿನ ಹಳೆ ಬಾಕಿ ಇಲ್ಲವೆಂಬ ಪತ್ರವನ್ನು ಅಂತಿಮ ಚೆಕ್ ಕೊಡುವ ಮುನ್ನವೇ ಪಡೆದಿರಬೇಕು.

ಮಾಲೀಕರ ಸಂಘ ಇಲ್ಲದ ಕಾಂಪ್ಲೆಕ್ಸಿನಲ್ಲಿ ಲಿಫ್ಟು ನಿಂತರೆ, ಶೌಚಾಲಯದ ಕೊಳವೆ ಕಟ್ಟಿಕೊಂಡರೆ ಕೇಳುವವರಿಲ್ಲ. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಮುಖ್ಯವಾಗಿ ವಸತಿ ಕಟ್ಟಡಗಳಿಗೆ; ಬರೀ ಮಳಿಗೆ, ಆಫೀಸು ಇರುವ ಕಟ್ಟಡದವರು ಬೇರೆ ದಾರಿಯಲ್ಲಿ, ಸಹಕಾರ ಸಂಘವಾಗಿಯೋ ಇನ್ನೊಂದು ರೂಪದಲ್ಲೋ ನೋಂದಾಯಿಸಿಕೊಳ್ಳಬೇಕು. ನಿರ್ವಹಣಾ ಹಣ ಕಾರ್ಪೆಟ್ ಚದರಡಿ ಲೆಕ್ಕದಲ್ಲಿ ಎಂದು ಬರೆದಿಡಿ. ಮೇಲಿನ ಮಹಡಿಯವರು ಲಿಫ್ಟಿನ ಖರ್ಚಿಗೆ ಹೆಚ್ಚು ಪಾಲು, ನೆಲಮಹಡಿಯವರು ಮುಂಭಾಗದ ಫರಸಿಗೆ ಹೆಚ್ಚು ಪಾಲು ಎಂಬ ಹಂಚಿಕೆಗೆ ಜನ ಬೇಗ ಒಪ್ಪುತ್ತಾರೆ. ಬೀಗದ ಕೈ ತೆಗೆದುಕೊಳ್ಳುವ ದಿನ ಬಿಲ್ಡರ್ ಕೈಯಿಂದ ಬೋರ್‌ವೆಲ್ ಮೋಟರಿನ ಬಿಲ್ಲು, ಲಿಫ್ಟಿನ ಪರವಾನಗಿ, ಒಳಚರಂಡಿ ಕೊಳವೆ ಸಾಗಿದ ನಕ್ಷೆಯ ಪ್ರತಿಗಳನ್ನು ಸಂಘದ ಕಡತಕ್ಕೆ ಪಡೆಯಬೇಕು. ಎಲ್ಲ ಮಳಿಗೆ ಮಾರಾಟವಾದ ಮೇಲೆ ಅವನ್ನು ಕೇಳಿದರೆ ಸಿಗುವುದು ಕಷ್ಟ.