ಗ್ಯಾಸ್ ಬುಕ್ ಮಾಡಬೇಕಾದ ದಿನ ಯಾವುದು? ಲೆಕ್ಕ ಹೀಗೆ ಹಾಕಿ

ಸಾಸಿವೆ ಚಟಪಟ ಅನ್ನುವ ಹೊತ್ತಿಗೆ ಒಲೆ ಆರಿಹೋಗುವುದು ಸಿಂಗಲ್ ಸಿಲಿಂಡರ್ ಮನೆಗಳ ಹಳೆಯ ಗೋಳು. ‘ನಮ್ಮನೇಲಿ ಸರಾಸರಿ 40 ದಿನ ಬರುತ್ತೆ’ ಅಂತ ಎಲ್ಲರೂ ಹೇಳುತ್ತಾರೆ. ಆದರೂ ಗ್ಯಾಸ್ ಕೈ ಕೊಡುತ್ತದೆ. ಯಾಕೆಂದರೆ ಸುಮಾರು ಅರ್ಧದಷ್ಟು ಸಿಲಿಂಡರ್‌ಗಳು ಸರಾಸರಿಗಿಂತ ಮೊದಲೇ ಖಾಲಿಯಾಗುತ್ತವೆ. ಸರಾಸರಿಯೊಂದನ್ನೇ ನಂಬಿದರೆ ಎರಡು ಸಲದಲ್ಲಿ ಒಂದು ಸಲ ಪಕ್ಕದ ಮನೆಯ ಬಾಗಿಲು ತಟ್ಟಬೇಕಾದೀತು. ನಮಗೆ ಬೇಕಾಗಿರುವುದು ಇನ್ನೊಂದು ಅಂಕಿ: ದಿನಗಳು ಆ ಸರಾಸರಿಯಿಂದ ಎಷ್ಟು ಆಚೀಚೆ ಆಗುತ್ತವೆ ಎಂಬುದು. ಹೈಸ್ಕೂಲಿನಲ್ಲಿ ಓದಿ ಮರೆತ ಲೆಕ್ಕವೇ ಸಾಕು.

ಡಬಲ್ ಸಿಲಿಂಡರ್ ಇರುವವರು ಆರಾಮಾಗಿ ಮುಂದಿನ ಪುಟಕ್ಕೆ ಹೋಗಬಹುದು.

ಹಂತ 1: ತಾರೀಕು ಬರೆಯಿರಿ

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೂರು ತಾರೀಕು ಗುರುತು ಹಾಕಿ. ಸಿಲಿಂಡರ್ ಹಚ್ಚಿದ ದಿನ, ಬುಕ್ ಮಾಡಿದ ದಿನ, ಹೊಸದು ಮನೆಗೆ ಬಂದ ದಿನ. ಹಳೆಯ ಬುಕಿಂಗ್ ಮೆಸೇಜುಗಳು ಫೋನಿನಲ್ಲೇ ಉಳಿದಿದ್ದರೆ ಕೆಲಸ ಇನ್ನೂ ಸುಲಭ. ಏಳೆಂಟು ಸಿಲಿಂಡರ್‌ಗಳ ಲೆಕ್ಕ ಇದ್ದರೆ ಶುರು ಮಾಡಬಹುದು.

ಹಂತ 2: ಎದ್ದು ಕಾಣುವ ಅಂಕಿಯನ್ನು ವಿಚಾರಿಸಿ

ಒಂದು ಮನೆಯಲ್ಲಿ ಎಂಟು ಸಿಲಿಂಡರ್‌ಗಳು ಹೀಗೆ ಬಂದವು ಎಂದುಕೊಳ್ಳೋಣ: 38, 41, 36, 42, 55, 39, 35, 42 ದಿನ. ಕೂಡಿ ಎಂಟರಿಂದ ಭಾಗಿಸಿದರೆ ಸರಾಸರಿ 41. ಆದರೆ ಆ 55 ಎಲ್ಲಿಂದ ಬಂತು? ಬೇಸಿಗೆ ರಜೆಗೆ ಮನೆಯವರೆಲ್ಲ 16 ದಿನ ಊರಿಗೆ ಹೋಗಿದ್ದರು. ಒಂದೇ ಅಂಕಿ ಇಡೀ ಸರಾಸರಿಯನ್ನು ಎರಡು ದಿನ ಮೇಲಕ್ಕೆ ಎಳೆದುಬಿಟ್ಟಿದೆ.

ಇಂಥ ಅಂಕಿಯನ್ನು ಸುಮ್ನೆ ಹೊಡೆದು ಹಾಕಬೇಡಿ. ಕಾರಣ ಗೊತ್ತಿದ್ದರೆ ಸರಿಪಡಿಸಿ. ನಾವು ಎಣಿಸಬೇಕಾದದ್ದು ಒಲೆ ಉರಿದ ದಿನಗಳನ್ನು. 55ರಲ್ಲಿ 16 ಕಳೆದರೆ 39. ಈಗ ಸರಾಸರಿಯೂ 39ಕ್ಕೆ ಬಂತು. ಕಾರಣವೇ ನೆನಪಿಲ್ಲ ಅಂದರೆ ಮಧ್ಯಾಂಕ ನೋಡಿ. ಎಲ್ಲ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆದು ನಟ್ಟನಡುವಿನದನ್ನು ತೆಗೆದುಕೊಳ್ಳುವುದು. ಇಲ್ಲಿ ಎಂಟು ಅಂಕಿ ಇರುವುದರಿಂದ ನಡುವೆ ಎರಡು ಬರುತ್ತವೆ, 39 ಮತ್ತು 41; ಅವುಗಳ ಸರಾಸರಿ ತೆಗೆದುಕೊಳ್ಳಿ. 55 ಇದ್ದಾಗಲೂ ಅದು 40, ಅಷ್ಟೇ. ಒಂದು ಅಂಕಿ ಎಷ್ಟು ಜಿಗಿದರೂ ಮಧ್ಯಾಂಕ ಅಷ್ಟಾಗಿ ಅಲುಗುವುದಿಲ್ಲ.

ಹಂತ 3: ಆಚೀಚೆ ಎಷ್ಟು?

ಪ್ರತಿ ಅಂಕಿಯಿಂದ 39 ಕಳೆಯಿರಿ: –1, 2, –3, 3, 0, 0, –4, 3. ಇವನ್ನು ಹಾಗೇ ಕೂಡಿದರೆ ಸೊನ್ನೆ ಬರುತ್ತದೆ. ಅದಕ್ಕೇ ಒಂದೊಂದನ್ನೂ ವರ್ಗ ಮಾಡಿ ಕೂಡಬೇಕು: 48. ಎಂಟು ಅಂಕಿ ಇವೆ, ಒಂದು ಕಡಿಮೆ ಮಾಡಿ ಏಳರಿಂದ ಭಾಗಿಸಿ: 6.86. ಅದರ ವರ್ಗಮೂಲ ಸುಮಾರು 2.6 ದಿನ. ಇದೇ ಮಾನಕ ವಿಚಲನೆ. ಎಂಟರ ಬದಲು ಏಳು ಯಾಕೆ? ವ್ಯತ್ಯಾಸಗಳನ್ನು ಇದೇ ಅಂಕಿಗಳ ಸರಾಸರಿಯಿಂದ ಅಳೆದಿದ್ದೇವೆ. ಹಾಗಾಗಿ ಅವು ನಿಜಕ್ಕಿಂತ ಕೊಂಚ ಚಿಕ್ಕದಾಗಿ ಕಾಣುತ್ತವೆ. ಒಂದು ಕಡಿಮೆ ಮಾಡಿದರೆ ಅದು ಸರಿಹೋಗುತ್ತದೆ.

ಡೆಲಿವರಿಗೂ ಇದೇ ಲೆಕ್ಕ. ಬುಕ್ ಮಾಡಿದ ಮೇಲೆ ಸಿಲಿಂಡರ್ ಬರಲು 2, 3, 2, 4, 3, 2, 6, 2 ದಿನ ಹಿಡಿದಿದೆ ಎನ್ನಿ. ಸರಾಸರಿ 3. ವರ್ಗಗಳ ಮೊತ್ತ 14, ಏಳರಿಂದ ಭಾಗಿಸಿದರೆ 2. ಮಾನಕ ವಿಚಲನೆ 1.4.

ಹಂತ 4: ಎರಡನ್ನೂ ಸೇರಿಸಿ

39ರಲ್ಲಿ 3 ಕಳೆದು 36ನೇ ದಿನ ಬುಕ್ ಮಾಡುವುದು ನಮ್ಮೆಲ್ಲರ ರೂಢಿ. ಅದೇ ನಾನು ಮೊದಲು ಹೇಳಿದ ಅರ್ಧಂಬರ್ಧ ಜೂಜು. 2.6 ಮತ್ತು 1.4 ಎರಡನ್ನೂ ನೇರವಾಗಿ ಕೂಡಬಾರದು, ವರ್ಗಗಳನ್ನು ಕೂಡಬೇಕು: 6.86ಕ್ಕೆ 2 ಸೇರಿದರೆ 8.86. ವರ್ಗಮೂಲ ಸುಮಾರು 3. ಹತ್ತರಲ್ಲಿ ಒಂಬತ್ತು ಸಲ ಬಚಾವಾಗಬೇಕಾದರೆ ಸಂಖ್ಯಾಶಾಸ್ತ್ರದ ಕೋಷ್ಟಕದ ಪ್ರಕಾರ ಇದರ 1.28 ಪಟ್ಟು, ಅಂದರೆ ಸುಮಾರು 4 ದಿನ ಹಿಂದೆ ಸರಿಯಬೇಕು. 32ನೇ ದಿನ ಬುಕ್ ಮಾಡಿ. ಎಂಟೇ ಅಂಕಿಗಳ ಮೇಲೆ ನಿಂತ ಲೆಕ್ಕ ಇದು. ಒಂದು ದಿನ ಆಚೀಚೆ ಆದರೆ ತಕರಾರು ಬೇಡ.

‘ಅತಿ ಬೇಗ ಮುಗಿದದ್ದು 35 ದಿನಕ್ಕೆ, ಅತಿ ತಡವಾಗಿ ಬಂದದ್ದು 6 ದಿನಕ್ಕೆ, ಹಾಗಾದರೆ 29ನೇ ದಿನವೇ ಬುಕ್ ಮಾಡೋಣ, ಅಲ್ವಾ?’ ಅಂತ ಕೇಳಬಹುದು. ಮಾಮೂಲಿ ದಿನಗಳಲ್ಲಿ ಇದು ಅತಿ ಎಚ್ಚರಿಕೆ. ಎರಡೂ ಒಟ್ಟಿಗೇ ಕೆಡುವುದು ಅಪರೂಪ. ಆದರೆ ಹಬ್ಬದ ಸಮಯ ಬೇರೆ. ದೀಪಾವಳಿಗೆ ಕರಿದ ತಿಂಡಿ, ನೆಂಟರು ಅಂತ ಗ್ಯಾಸ್ ಬೇಗ ಖರ್ಚಾಗುತ್ತದೆ. ಅದೇ ವಾರ ಊರಿಗೆಲ್ಲ ಬುಕಿಂಗ್ ಇರುವುದರಿಂದ ಡೆಲಿವರಿಯೂ ತಡ. ವರ್ಗ ಕೂಡುವ ಲೆಕ್ಕ ನಡೆಯುವುದು ಎರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲದಿದ್ದಾಗ ಮಾತ್ರ. ಹಬ್ಬಕ್ಕೆ 29ನೇ ದಿನವೇ ಸರಿ.

ಅನುಮಾನ ಬಂದರೆ ತೂಗಿ

ಮನೆಬಳಕೆಯ ಸಿಲಿಂಡರಿನಲ್ಲಿ ತುಂಬಿದಾಗ 14.2 ಕೆಜಿ ಗ್ಯಾಸ್ ಇರುತ್ತದೆ. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ. 14.2 ಕೆಜಿಯನ್ನು 39ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 364 ಗ್ರಾಂ. ರೆಗ್ಯುಲೇಟರ್ ತೆಗೆದು, ಸಿಲಿಂಡರನ್ನು ನೆಟ್ಟಗೇ ನಿಲ್ಲಿಸಿ ತೂಗಿ. ಅದರಲ್ಲಿ ಖಾಲಿ ತೂಕ ಕಳೆಯಿರಿ. ಎರಡೂವರೆ ಕೆಜಿ ಉಳಿದಿದ್ದರೆ ಇನ್ನು ಸುಮಾರು ಏಳು ದಿನ ಬರುತ್ತದೆ. ತಕ್ಕಡಿ ಇರುವ ಮನೆಗೆ ಮೇಲಿನ ಲೆಕ್ಕಕ್ಕಿಂತ ಇದೇ ಭರವಸೆ ಅನ್ನುವುದು ನನ್ನ ಅಭಿಪ್ರಾಯ.

ಹೊಸ ಬರ್ನರ್ ಉಳಿತಾಯ ಮಾಡಿತೇ?

‘ಬರ್ನರ್ ಬದಲಾಯಿಸಿದ ಮೇಲೆ 42 ದಿನ ಬಂತು ನೋಡಿ!’ ಎನ್ನುವವರಿದ್ದಾರೆ. ಹಳೆಯ ಬರ್ನರಿನಲ್ಲೂ ಎರಡು ಸಲ 42 ಬಂದಿತ್ತಲ್ಲ? ಒಂದು ಸಿಲಿಂಡರಿನಿಂದ ಏನೂ ಗೊತ್ತಾಗುವುದಿಲ್ಲ. ನಾಲ್ಕು ಮುಗಿಯಲಿ. ನಾಲ್ಕರ ಸರಾಸರಿ ಒಂದೊಂದರಷ್ಟು ಓಲಾಡುವುದಿಲ್ಲ. ನಾಲ್ಕರ ವರ್ಗಮೂಲ ಎರಡು, ಹಾಗಾಗಿ ಆಚೀಚೆ ಆಗುವುದು 2.6ರ ಅರ್ಧ, ಅಂದರೆ 1.3 ದಿನ. ಆ ಸರಾಸರಿ 39ಕ್ಕಿಂತ ಇದರ ಮೂರು ಪಟ್ಟು ಮೇಲೆ ಹೋದರೆ, ಅಂದರೆ ಸುಮಾರು 43 ದಾಟಿದರೆ, ಬರ್ನರಿನ ಮಾತನ್ನು ನಂಬಬಹುದು. 40 ಬಂದರೆ ಅಂಗಡಿಯವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.