ಸ್ಲೆಡ್ ಕಟ್ಟಿ ಓಡುವಾಗ ಭಾರ ಎಷ್ಟಿರಬೇಕು?

ಭಾರದ ಪ್ಲೇಟ್‌ಗಳನ್ನಿಟ್ಟು, ಹಗ್ಗದಿಂದ ಮೈಗೆ ಕಟ್ಟಿಕೊಂಡು, ನೆಲದ ಮೇಲೆ ಎಳೆಯುತ್ತಾ ಓಡುವ ಜಾರುಬಂಡಿಯೇ ಸ್ಲೆಡ್. ಅದನ್ನು ಎಳೆಯಲು ಬರುವ ಹುಡುಗರು, ಹುಡುಗಿಯರು ಮೊದಲು ಕೇಳುವುದು ಇದನ್ನೇ: "ಸರ್, ಎಷ್ಟು ಕೆ.ಜಿ. ಹಾಕಲಿ?" ನಾನು ಕೆ.ಜಿ. ಹೇಳುವುದಿಲ್ಲ. ಹುಲ್ಲಿನ ಮೇಲೆ 20 ಕೆ.ಜಿ. ಎಳೆಯುವುದೇ ಬೇರೆ, ಸಿಂಥೆಟಿಕ್ ಟ್ರ್ಯಾಕ್ ಮೇಲೆ ಎಳೆಯುವುದೇ ಬೇರೆ. ನೆಲ ಬದಲಾದರೆ ಘರ್ಷಣೆಯೂ ಬದಲಾಗುತ್ತದೆ ಅಲ್ವಾ?

ಅದಕ್ಕೇ ಸ್ಟಾಪ್‌ವಾಚ್ ನೋಡಿ. ಚೆನ್ನಾಗಿ ವಾರ್ಮಪ್ ಮಾಡಿ, ಏನೂ ಕಟ್ಟಿಕೊಳ್ಳದೆ 20 ಮೀಟರ್ ಪೂರ್ತಿ ವೇಗದಲ್ಲಿ ಓಡಿ. 3.20 ಸೆಕೆಂಡ್ ಬಂತು ಅಂತಿಟ್ಟುಕೊಳ್ಳಿ. ಸ್ಲೆಡ್ ಕಟ್ಟಿದಾಗ ಅದೇ ದೂರಕ್ಕೆ ಸುಮಾರು 3.55 ಬಂದರೆ ನಿಮ್ಮ ಸರಾಸರಿ ವೇಗ ಶೇ. 10ರಷ್ಟು ಇಳಿದಿದೆ. ಹೊಸಬರಿಗೆ ಅಷ್ಟು ಸಾಕು. ವರ್ಷಗಟ್ಟಲೆ ಓಡಿ, ಜಿಮ್‌ನಲ್ಲೂ ಪಳಗಿದವರು ವೇಗ ಅರ್ಧಕ್ಕೆ ಇಳಿಯುವಷ್ಟು ಭಾರ ಹಾಕಬಹುದು. ಆದರೆ ಅದು ಸ್ಟಾರ್ಟ್‌ನ ಬಲಕ್ಕೆ. 10–15 ಮೀಟರ್ ದಾಟಬೇಡಿ.

ಬೆಲ್ಟ್ ಸೊಂಟಕ್ಕೆ ಕಟ್ಟಿ. ಹಗ್ಗ ಸಡಿಲವಿದ್ದಾಗ ಓಟ ಶುರು ಮಾಡಿದರೆ ಎರಡನೇ ಹೆಜ್ಜೆಗೇ ಸೊಂಟ ಹಿಂದಕ್ಕೆ ಜಗ್ಗುತ್ತದೆ. ಹಗ್ಗ ಬಿಗಿಯಾಗುವವರೆಗೆ ಮುಂದೆ ಸರಿದು ನಿಂತು, ಆಮೇಲೆ ಹೊರಡಿ.

ಇನ್ನು ಮೈ ಬಾಗುವ ರೀತಿ. ನಾನು ಅತಿ ಹೆಚ್ಚು ಗಮನ ಕೊಡುವುದು ಇದಕ್ಕೇ. ಬಾಗುವುದು ಪಾದದ ಗಂಟಿನಿಂದ, ಸೊಂಟದಿಂದಲ್ಲ. ನೆಲ ಬಿಡುವ ಕ್ಷಣದಲ್ಲಿ ಹಿಂದಿನ ಕಾಲಿನ ಹಿಮ್ಮಡಿಯಿಂದ ತಲೆಯವರೆಗೆ ಮೈ ಒಂದೇ ಗೆರೆಯಲ್ಲಿರಬೇಕು. ಹೆಜ್ಜೆ ಸೊಂಟದ ಕೆಳಗೋ ಸ್ವಲ್ಪ ಹಿಂದೆಯೋ ಬಿದ್ದರೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಸಿಗುತ್ತದೆ. ಮುಂದೆ ಚಾಚಿ ಬಿದ್ದರೆ ಅದೇ ಕಾಲು ಬ್ರೇಕ್ ಹಾಕುತ್ತದೆ. ಪಕ್ಕದಿಂದ ಯಾರಾದರೂ ಮೊಬೈಲ್‌ನಲ್ಲಿ ವಿಡಿಯೋ ಮಾಡಲಿ. ಹೊಸಬರ ಸೊಂಟ ಮಡಚಿ, ಪಾದ ನೆಲ ಉಜ್ಜುತ್ತಿದ್ದರೆ ಒಂದು ಪ್ಲೇಟ್ ತೆಗೆಯಿರಿ. ಇದರಲ್ಲಿ ನಾಚಿಕೆ ಬೇಡ.

ವಾರಕ್ಕೆ ಎರಡು ದಿನ, ದಿನಕ್ಕೆ 4–6 ಓಟ, ನಡುವೆ 2–3 ನಿಮಿಷ ವಿಶ್ರಾಂತಿ. ಉಸಿರು ಪೂರ್ತಿ ಹತೋಟಿಗೆ ಬರದೆ ಮುಂದಿನ ಓಟ ಬೇಡ. ಸುಸ್ತಲ್ಲಿ ಓಡಿದರೆ ಸುಮ್ನೆ ದಮ್ಮು ಬೆಳೆಯಬಹುದು, ಸಿಡಿದು ಹೊರಡುವ ಶಕ್ತಿ ಬೆಳೆಯುವುದಿಲ್ಲ. ಕೊನೆಯಲ್ಲಿ ಸ್ಲೆಡ್ ಬಿಚ್ಚಿ ಒಂದೆರಡು ಓಟ ಓಡಿ. ತೊಡೆಯ ಹಿಂಭಾಗ ಅಥವಾ ಹಿಮ್ಮಡಿ ಮೇಲಿನ ನರ ಹಿಡಿದಂತಾದರೆ ಆ ದಿನ ಅಲ್ಲಿಗೇ ನಿಲ್ಲಿಸಿ.

ಸ್ಲೆಡ್ ಬದಲು ಹಿಂದೆ ಕಟ್ಟಿಕೊಂಡು ಓಡುವ ಪ್ಯಾರಾಚೂಟ್ ಎಲ್ಲರಿಗೂ ಇಷ್ಟ. ಆದರೆ ಗಾಳಿಯ ತಡೆ ವೇಗದ ಜೊತೆ ಏರುವುದರಿಂದ ಮೊದಲ ಹೆಜ್ಜೆಗಳಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಸ್ಲೆಡ್ ಇಲ್ಲದವರು ಏರು ದಾರಿಯಲ್ಲಿ 20 ಮೀಟರ್ ಓಡಲಿ, ಇಳಿಯುವಾಗ ಮಾತ್ರ ನಿಧಾನವಾಗಿ ನಡೆದು ಬರಲಿ.